ಓದುಗರ ಪ್ರಶ್ನೆ: ವಿರ್ಟ್ಕಿ ಪ್ರವಾಹದ ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಹಿಂದೂ ಮಹಾಸಾಗರದ ಸಮಭಾಜಕದ ಮೇಲೆ ವರ್ಷಕ್ಕೆರಡು ಸಲ ಪೂರ್ವಕ್ಕೆ ನುಗ್ಗುವ ವಿರ್ಟ್ಕಿ ಪ್ರವಾಹದ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಕಂಪ್ಯೂಟರ್ ಮಾದರಿಯ ವೇಗಕ್ಕೂ 80.5 ಡಿಗ್ರಿ ಪೂರ್ವದಲ್ಲಿ ಲಂಗರು ಹಾಕಿದ ಉಪಕರಣದ ಅಳತೆಗೂ ತಾಳೆಯಾಗುತ್ತಿಲ್ಲ. ಏಕೆ?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಮಾದರಿಯನ್ನು ದೂರುವ ಮುಂಚೆ ಆಳ ನೋಡಿ. ಶಬ್ದದ ಪ್ರತಿಧ್ವನಿಯಿಂದ ವೇಗ ಅಳೆಯುವ ಎಡಿಸಿಪಿಯನ್ನು ನೀರಿನೊಳಗೆ ಮೇಲ್ಮುಖವಾಗಿ ಕಟ್ಟಿರುತ್ತಾರೆ. ಕಿರಣಗಳು 20 ಡಿಗ್ರಿ ವಾಲಿದ್ದರೆ ಮೇಲ್ಮೈಯ ಜೋರು ಪ್ರತಿಧ್ವನಿ ಮೇಲಿನ ಶೇ 6ರಷ್ಟು ಭಾಗದ ಅಳತೆಯನ್ನು ಕೆಡಿಸುತ್ತದೆ. ಉಪಕರಣ 350 ಮೀಟರ್ ಆಳದಲ್ಲಿದ್ದರೆ ಮೇಲಿನ 20 ಮೀಟರಿನ ಅಂಕಿಗಳನ್ನು ಬಿಟ್ಟುಬಿಡಿ. ಮಾದರಿಯ ಮೊದಲ, ಅಂದರೆ ಮೇಲ್ಮೈಯ, ಪದರವನ್ನು ಉಪಕರಣದ ಅಳತೆಯ ಎದುರಿಗಿಟ್ಟರೆ ತಾಳೆಯಾಗುವುದಾದರೂ ಹೇಗೆ? ಎರಡನ್ನೂ 40 ಮೀಟರಿನಲ್ಲಿ ಹೋಲಿಸಿ.

ಮುಂದಿನದು ಗಾಳಿ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ, ಎರಡು ಮಾನ್ಸೂನ್‌ಗಳ ನಡುವೆ, ಪಡುವಣ ಗಾಳಿ ಈ ನೀರನ್ನು ಸೆಕೆಂಡಿಗೆ ಸುಮಾರು 1 ಮೀಟರ್ ವೇಗಕ್ಕೆ ತಳ್ಳುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣ. ಹಾಗಾಗಿ ತಿಂಗಳ ಸರಾಸರಿ ವೇಗದಿಂದ ಒತ್ತಡ ತೆಗೆದರೆ ಬಿರುಸಿನ ದಿನಗಳ ಪಾಲು ಮಾಯವಾಗಿ ಪ್ರವಾಹ ಸೊರಗುತ್ತದೆ. ದಿನದ ಗಾಳಿಯಿಂದ ಒತ್ತಡ ತೆಗೆದು, ಆಮೇಲೆ ಸರಾಸರಿ ಮಾಡಿ.

ವೇಗ ಸರಿಯಿದ್ದು ಕಾಲ ಹಿಂದುಮುಂದಾದರೆ ನೀರಿನ ಪದರಗಳನ್ನು ಅನುಮಾನಿಸಿ; ಸಾಗರದೊಳಗಿನ ಅಲೆಗಳ ವೇಗ ಅವುಗಳ ಮೇಲೆ ನಿಂತಿದೆ. ಸೊಮಾಲಿಯಾದಿಂದ ಸುಮಾತ್ರಾಕ್ಕೆ ಸುಮಾರು 6,200 ಕಿ.ಮೀ. ಸಮಭಾಜಕದ ಗುಂಟ ಪೂರ್ವಕ್ಕೆ ಸಾಗುವ ಕೆಲ್ವಿನ್ ಅಲೆಯ ಎರಡನೇ ಬಗೆ (ಆಳಕ್ಕೆ ಹೋದಂತೆ ನೀರಿನ ಚಲನೆ ಎರಡು ಸಲ ದಿಕ್ಕು ಬದಲಿಸುವಂಥದ್ದು) ಸೆಕೆಂಡಿಗೆ 1.6 ಮೀಟರಿನಂತೆ ಅಲ್ಲಿಗೆ ಹೋಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಮರಳುವ ರಾಸ್ಬಿ ಅಲೆಯ ವೇಗ ಅದರ ಮೂರನೇ ಒಂದು ಪಾಲು. ಹೋಗಿಬರುವ ಅವಧಿ ಸರಿಸುಮಾರು 180 ದಿನ, ಅಂದರೆ ಗಾಳಿಯ ಅರ್ಧವರ್ಷದ ಲಯವೇ! ಪ್ರವಾಹಕ್ಕೆ ಇಷ್ಟು ಬಲ ಬರಲು ಈ ಅನುರಣನವೂ ಕಾರಣ. ಉಷ್ಣತೆ, ಲವಣಾಂಶ ತಪ್ಪಿ ಅಲೆಯ ವೇಗ 1.3ಕ್ಕೆ ಇಳಿದರೆ ಅವಧಿ 220 ದಿನವಾಗುತ್ತದೆ, ತಾಳ ತಪ್ಪುತ್ತದೆ. ಬಹಳ ಮಂದಿ ಇದನ್ನು ಪರೀಕ್ಷಿಸದೆ ಗಾಳಿಯನ್ನೇ ತಿದ್ದುತ್ತಾ ಕೂರುತ್ತಾರೆ.

ವರ್ಷಗಳೂ ಒಂದೇ ಆಗಿರಲಿ. 2006, 2019ರಂಥ ಧನಾತ್ಮಕ ದ್ವಿಧ್ರುವ ವರ್ಷಗಳಲ್ಲಿ (ಹಿಂದೂ ಮಹಾಸಾಗರದ ಪಶ್ಚಿಮ ಭಾಗ ವಾಡಿಕೆಗಿಂತ ಬಿಸಿಯಾಗಿ, ಪೂರ್ವ ಭಾಗ ತಣ್ಣಗಾಗುವ ವರ್ಷಗಳು) ಪಡುವಣ ಗಾಳಿ ಸೋತು ಅಕ್ಟೋಬರಿನ ಪ್ರವಾಹ ಕುಗ್ಗುತ್ತದೆ. ಅಂಥ ವರ್ಷದ ಅಳತೆಯನ್ನು ದೀರ್ಘಕಾಲದ ಸರಾಸರಿಯೊಡನೆ ಹೋಲಿಸಬಾರದು.

ಪ್ರಶ್ನೆ: ಉಪಗ್ರಹ ಅಳೆದ ಸಮುದ್ರಮಟ್ಟದಿಂದಲೇ ಈ ವೇಗ ಸಿಗುವುದಿಲ್ಲವೇ?

ಉತ್ತರ: ಸುಲಭವಾಗಿ ಸಿಗುವುದಿಲ್ಲ. ಸಾಮಾನ್ಯ ಸೂತ್ರದಲ್ಲಿ ಮಟ್ಟದ ಇಳಿಜಾರನ್ನು ಕೊರಿಯಾಲಿಸ್ ಅಂಶದಿಂದ, ಅಂದರೆ ಭೂಮಿಯ ತಿರುಗುವಿಕೆಯ ಪರಿಣಾಮವನ್ನು ಸೂಚಿಸುವ ಸಂಖ್ಯೆಯಿಂದ, ಭಾಗಿಸಬೇಕು. ಸಮಭಾಜಕದಲ್ಲಿ ಅದು ಸೊನ್ನೆ. ಅಲ್ಲಿ ಇಳಿಜಾರಿನ ಬದಲು, ಉತ್ತರ–ದಕ್ಷಿಣವಾಗಿ ಆ ಇಳಿಜಾರು ಎಷ್ಟು ಬದಲಾಗುತ್ತದೆಂದು ಲೆಕ್ಕ ಹಾಕುತ್ತಾರೆ. ಮಟ್ಟದಲ್ಲಿನ ಒಂದೆರಡು ಸೆಂಟಿಮೀಟರ್ ದೋಷವೂ ಇಲ್ಲಿ ದೊಡ್ಡದಾಗುವುದರಿಂದ, ಮೊದಲು ದತ್ತಾಂಶವನ್ನು ನಯಗೊಳಿಸಿಕೊಳ್ಳಬೇಕು.