"ನಮ್ಮಪ್ಪನ ರಕ್ತ, ಮೇಡಂ"

(ಹೆಸರು, ಊರು, ಕೆಲಸ ಎಲ್ಲವನ್ನೂ ಬದಲಿಸಿದ್ದೇನೆ.)

ಅವರನ್ನು ಮಂಜಣ್ಣ ಎನ್ನೋಣ. ವಯಸ್ಸು 36. ಒಂಬತ್ತು ವರ್ಷದ ಮಗ ಮಗ್ಗಿ ತಪ್ಪು ಹೇಳಿದನೆಂದು ಬೆಲ್ಟ್ ತೆಗೆದು ಬಾರಿಸಿದ್ದರು. ಹೆಂಡತಿ ಹಟ ಹಿಡಿದು ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಕರೆತಂದಿದ್ದರು. ಕೂತ ತಕ್ಷಣ ಹೇಳಿದ್ದು ಒಂದೇ ಮಾತು: "ನಮ್ಮಪ್ಪನ ರಕ್ತ, ಮೇಡಂ. ಏನ್ ಮಾಡೋಕಾಗುತ್ತೆ?"

ಈ ಮಾತು ಪೂರ್ತಿ ಸುಳ್ಳಲ್ಲ. ಬೇಗ ಸಿಟ್ಟೇರುವ ಗುಣ ಸ್ವಲ್ಪ ಮಟ್ಟಿಗೆ ಹುಟ್ಟಿನಿಂದಲೇ ಬರುತ್ತದೆ. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಅವರು ದೊಡ್ಡವರಾಗುವವರೆಗೂ ಸಂಶೋಧಕರು ಗಮನಿಸುತ್ತಾ ಬಂದರು. ಸಿರೊಟೋನಿನ್‌ನಂಥ ಮಿದುಳಿನ ರಾಸಾಯನಿಕಗಳನ್ನು ಒಡೆಯುವ ಕಿಣ್ವವನ್ನು ತಯಾರಿಸುವ 'ಎಂಎಒಎ' ಜೀನ್ ಮಂದವಾಗಿದ್ದ ಹುಡುಗರಲ್ಲಿ ಕಂಡದ್ದನ್ನು 2002ರಲ್ಲಿ ಪ್ರಕಟಿಸಿದರು. ಚಿಕ್ಕಂದಿನಲ್ಲಿ ಹೊಡೆತ, ಹಿಂಸೆ ತಿಂದಿದ್ದವರಲ್ಲಿ ಮುಂದೆ ಹಿಂಸೆಯ ನಡತೆ ಜಾಸ್ತಿ ಕಂಡಿತು. ಅದೇ ಜೀನ್ ಇದ್ದೂ ಹಿಂಸೆ ಕಾಣದೆ ಬೆಳೆದವರಲ್ಲಿ ಹಾಗೆ ಕಾಣಲಿಲ್ಲ.

ಇದನ್ನು ಹೇಳಿ, "ನಿಮ್ಮಪ್ಪ ಹೊಡೆಯುವಾಗ ನೀವೇನು ಮಾಡ್ತಿದ್ರಿ?" ಎಂದು ಕೇಳಿದೆ.

"ಸೈಕಲ್ ಸ್ಟ್ಯಾಂಡ್ ಹಾಕೋ ಸದ್ದು ಕೇಳಿದ್ರೆ ಅಟ್ಟ ಹತ್ತಿ ಕೂರ್ತಿದ್ದೆ."

ಹೆಂಡತಿ ತಲೆ ಎತ್ತದೆ ಹೇಳಿದರು: "ನಿಮ್ಮ ಬೈಕ್ ಸದ್ದಿಗೆ ಇವನೂ ಮಂಚದ ಕೆಳಗೆ ಹೋಗ್ತಾನೆ, ರೀ."

ಮಂಜಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಕೈಯಲ್ಲಿದ್ದ ಬೈಕ್ ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

ಮಗನಿಗೆ ಹೊಡೆದ ದಿನ ಅವರು ರಾತ್ರಿ ಪಾಳಿ ಮುಗಿಸಿ ಮೂರೇ ಗಂಟೆ ಮಲಗಿದ್ದರು. ಮೇಲೆ ಒಂದು ಕ್ವಾರ್ಟರ್. ಮಿದುಳಿನ ಒಳಗೆ ಬಾದಾಮಿಯಾಕಾರದ ಅಮಿಗ್ಡಲ "ಅಪಾಯ" ಎಂದು ಕೂಗುತ್ತದೆ, ಹಣೆಯ ಹಿಂದಿನ ಭಾಗ "ತಡಿ" ಎನ್ನುತ್ತದೆ. ನಿದ್ದೆಗೆಟ್ಟು ಕುಡಿದಾಗ ಆ ತಡೆಯೇ ಸಡಿಲ. ಅದಕ್ಕೇ ಮೊದಲು ನಿದ್ದೆ ಸರಿಮಾಡಿಕೊಳ್ಳಿ ಎಂದೆ. ಕುಡಿತ ಬಿಡಲು ಮನೋವೈದ್ಯರ ಹತ್ತಿರ ಕಳಿಸಿದೆ.

ಸಿಟ್ಟು ಬರುವ ಮುಂಚೆ ಅವರ ಕಿವಿ ಬಿಸಿಯಾಗುತ್ತದಂತೆ. ಆಗಲೇ "ಹತ್ತು ನಿಮಿಷ ಹೊರಗಿರ್ತೀನಿ" ಎಂದು ಹೇಳಿ ಅಂಗಳಕ್ಕೆ ಹೋಗಬೇಕು. ಮಗನ ಹತ್ತಿರ "ತಪ್ಪಾಯ್ತು" ಅನ್ನಬೇಕು. "ಆದ್ರೆ ನೀನೂ..." ಎಂದು ಸೇರಿಸಬಾರದು. ಮಗ್ಗಿ ಕಲಿಸುವುದು ಸದ್ಯಕ್ಕೆ ಬೇರೆಯವರ ಕೆಲಸ.

ಹೆಂಡತಿಯ ಜೊತೆ ಬೇರೆಯಾಗಿ ಮಾತಾಡಿದೆ. ಮತ್ತೆ ಕೈ ಎತ್ತಿದರೆ ಕಾಯುವುದು ಬೇಡ, ಮಗನಿಗಾಗಿ ಮಕ್ಕಳ ಸಹಾಯವಾಣಿ 1098, ನಿಮಗಾಗಿ ಮಹಿಳಾ ಸಹಾಯವಾಣಿ 181 ಎಂದು ಬರೆದುಕೊಟ್ಟೆ. ಗಂಡ ಬದಲಾಗುತ್ತಿದ್ದಾರೆ ಎಂದು ಈ ಚೀಟಿ ಎಸೆಯಬೇಡಿ ಎಂದೂ ಹೇಳಿದೆ.

ನಾಲ್ಕನೇ ಸಲ ಬಂದಾಗ ಮಂಜಣ್ಣ ಹೇಳಿದರು: ಈಗ ಗೇಟಿನಿಂದಲೇ ಮಗನ ಹೆಸರು ಕೂಗುತ್ತಾರಂತೆ. ಎರಡು ಸಲ ಅವನು ಬಾಗಿಲಿಗೆ ಬಂದಿದ್ದಾನೆ.