ಲಂಡನ್ನಲ್ಲಿ ಲೇಬರ್ ಅಲೆ ಇದ್ದಾಗ ಹ್ಯಾರೋದಲ್ಲಿ ಮಾತ್ರ ಯಾಕೆ ಉಲ್ಟಾ ಆಯಿತು?

2022ರ ಮೇ ತಿಂಗಳ ಲಂಡನ್ ಬರೋ ಚುನಾವಣೆಯಲ್ಲಿ ಲೇಬರ್ ಪಕ್ಷದ ಅಲೆ ಇತ್ತು ಅಂತ ಓದಿದೆ, ಆದರೆ ಅಕ್ಕ ಇರುವ ಹ್ಯಾರೋದಲ್ಲಿ ಕನ್ಸರ್ವೇಟಿವ್‌ನವರು ಬಂದರಂತೆ, ಇದು ಹೇಗೆ, ನಮ್ಮ ಬೆಂಗಳೂರು ಪಾಲಿಕೆ ಥರಾನೇನಾ ಅಂತ ಕೇಳಿದ್ದೀರಿ. ನಾನೂ ಹ್ಯಾರೋದಲ್ಲೇ ಇರುವವನು. ಊರು ತುಮಕೂರು. ಆ ಸಲ ವೋಟೂ ಹಾಕಿದ್ದೆ, ಹಾಗಾಗಿ ಬಾಯಿ ಹಾಕುತ್ತಿದ್ದೇನೆ.

ಮೊದಲು ಈ ಹೆಸರಿನ ಗೊಂದಲ. ಇಲ್ಲಿಗೆ ಬಂದ ಹೊಸದರಲ್ಲಿ ಕನ್ನಡದ ಗೆಳೆಯನೊಬ್ಬ ‘ಬರೋ ಎಲೆಕ್ಷನ್‌ಗೆ ಹೆಸರು ಸೇರಿಸು’ ಅಂದಾಗ ನಾನು ಮುಂದೆ ಯಾವತ್ತೋ ಬರುವ ಎಲೆಕ್ಷನ್ ಅಂದುಕೊಂಡು ಸುಮ್ನೆ ಇದ್ದೆ! ಬರೋ ಅಂದರೆ ಲಂಡನ್ನಿನ ಒಂದು ಭಾಗ, ಅದಕ್ಕೆ ಅದರದೇ ಕೌನ್ಸಿಲ್. ಒಟ್ಟು 32 ಇವೆ. ನಾಲ್ಕು ವರ್ಷಕ್ಕೊಮ್ಮೆ ಎಲ್ಲದಕ್ಕೂ ಒಂದೇ ದಿನ, ಗುರುವಾರ, ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಮತದಾನ. ಕಾಮನ್‌ವೆಲ್ತ್ ದೇಶದವರಿಗೂ ಮತ ಇದೆ, ಅಂದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ವೋಟ್ ಹಾಕಬಹುದು. ಇದು ಗೊತ್ತಿಲ್ಲದ ನಮ್ಮವರು ಈಗಲೂ ಸಿಗುತ್ತಾರೆ.

ಈಗ ಫಲಿತಾಂಶ. 32ರಲ್ಲಿ 21 ಲೇಬರ್‌ಗೆ, 5 ಕನ್ಸರ್ವೇಟಿವ್‌ಗೆ, 3 ಲಿಬರಲ್ ಡೆಮಾಕ್ರಾಟ್‌ಗೆ. ಟವರ್ ಹ್ಯಾಮ್ಲೆಟ್ಸ್ ಆಸ್ಪೈರ್ ಅನ್ನುವ ಸ್ಥಳೀಯ ಪಕ್ಷದ ಪಾಲಾಯಿತು. ಉಳಿದ ಎರಡು, ಕ್ರಾಯ್ಡನ್ ಮತ್ತು ಹೇವರಿಂಗ್, ಯಾರಿಗೂ ಬಹುಮತ ಇಲ್ಲ. ಪೇಪರ್‌ನವರು ಅಲೆ ಅಂದಿದ್ದು ಮೂರು ಬರೋ ನೋಡಿ. ವಾಂಡ್ಸ್‌ವರ್ತ್ 1978ರಿಂದ ಕನ್ಸರ್ವೇಟಿವ್ ಕೈಯಲ್ಲಿತ್ತು. ವೆಸ್ಟ್‌ಮಿನ್‌ಸ್ಟರ್‌ನಲ್ಲಂತೂ ಆ ಕೌನ್ಸಿಲ್ ಹುಟ್ಟಿದ 1964ರಿಂದ ಬೇರೆಯವರು ಗೆದ್ದಿದ್ದೇ ಇಲ್ಲ. ಜೊತೆಗೆ ಬಾರ್ನೆಟ್. ಮೂರೂ ಒಂದೇ ರಾತ್ರಿ ಲೇಬರ್‌ಗೆ ಹೋದವು.

ಕಾರಣ ಕೇಳಿದರೆ ಎಲ್ಲರೂ ಆಗಿನ ಕನ್ಸರ್ವೇಟಿವ್ ಪ್ರಧಾನಿ ಬೋರಿಸ್ ಜಾನ್ಸನ್, ಲಾಕ್‌ಡೌನ್ ನಡುವೆಯೇ ಅವರ ಕಚೇರಿಯಲ್ಲಿ ನಡೆದ ಪಾರ್ಟಿಗಳ ಹಗರಣ ಅನ್ನುತ್ತಾರೆ. ಸುಳ್ಳಲ್ಲ. ಆದರೆ ವೆಸ್ಟ್‌ಮಿನ್‌ಸ್ಟರ್‌ನವರು ಸ್ವಂತ ಖರ್ಚಿನಲ್ಲೇ ಒಂದು ಗುಡ್ಡ ಕಟ್ಟಿಕೊಂಡಿದ್ದರು, ನಿಜವಾದ ಗುಡ್ಡ. ಕೋವಿಡ್ ಆದ ಮೇಲೆ ಜನ ಆಕ್ಸ್‌ಫರ್ಡ್ ಸ್ಟ್ರೀಟ್‌ನ ಅಂಗಡಿಗಳಿಗೆ ವಾಪಸ್ ಬರಲಿ ಅಂತ 2021ರಲ್ಲಿ ಮಾರ್ಬಲ್ ಆರ್ಚ್ ಪಕ್ಕ 25 ಮೀಟರ್ ಎತ್ತರದ ಕೃತಕ ದಿಬ್ಬ ಕಟ್ಟಿ, ಮೇಲೆ ಹುಲ್ಲು ಹಾಸಿ, ಹತ್ತುವುದಕ್ಕೆ ಟಿಕೆಟ್ ಇಟ್ಟರು. ಹತ್ತಿದವರಿಗೆ ಕಂಡಿದ್ದು ಮರದ ತುದಿ ಮತ್ತು ಒಣಗಿದ ಹುಲ್ಲು. ಖರ್ಚು 60 ಲಕ್ಷ ಪೌಂಡ್ ಮುಟ್ಟಿತು, ಕೌನ್ಸಿಲ್‌ನ ಉಪನಾಯಕರು ರಾಜೀನಾಮೆ ಕೊಟ್ಟರು. ಒಂಬತ್ತು ತಿಂಗಳಲ್ಲಿ ಎಲೆಕ್ಷನ್. ಇದಕ್ಕೆ ಪ್ರಧಾನಿಯ ಪಾರ್ಟಿಯೇ ಬೇಕಿತ್ತಾ ಹೇಳಿ?

ನಿಮ್ಮ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ ಅನ್ನುವುದು ನನ್ನ ಲೆಕ್ಕ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕುರ್ಚಿಯಲ್ಲಿ ಕೂತವರ ಮೇಲಿನ ಸಿಟ್ಟು ಕನ್ಸರ್ವೇಟಿವ್ ಮೇಲೆ ಬಿತ್ತು, ಹ್ಯಾರೋದಲ್ಲಿ ಕೂತಿದ್ದವರು ಲೇಬರ್. ಕೌನ್ಸಿಲ್ ತೆರಿಗೆ ಲಂಡನ್ನಲ್ಲೇ ದುಬಾರಿ ಅನ್ನುವ ಸಾಲಿನದು, 2020ರಲ್ಲಿ ಹಾಕಿದ ಸೈಕಲ್ ಲೇನ್‌ಗಳಿಗೆ ಜನ ಕೆಂಡ ಕಾರಿ ಕೊನೆಗೆ ಅವನ್ನು ತೆಗೆಯಬೇಕಾಯಿತು, ಇತ್ತ ಕನ್ಸರ್ವೇಟಿವ್‌ನವರು ಒಂದು ಗಂಟೆ ಪಾರ್ಕಿಂಗ್ ಫ್ರೀ ಅಂದರು. ಅಷ್ಟೇ. 2018ರಲ್ಲಿ 63 ಸೀಟಿಗೆ ಲೇಬರ್ 35, ಕನ್ಸರ್ವೇಟಿವ್ 28 ಇತ್ತು. 2022ರಲ್ಲಿ ಸೀಟುಗಳನ್ನೇ 55ಕ್ಕೆ ಇಳಿಸಿದರು, ಅದರಲ್ಲಿ ಕನ್ಸರ್ವೇಟಿವ್ 31, ಲೇಬರ್ 24. ಕ್ರಾಯ್ಡನ್ ಕಥೆಯೂ ಇದೇ. ಲೇಬರ್ ಆಡಳಿತದಲ್ಲಿ 2020ರ ನವೆಂಬರ್‌ನಲ್ಲಿ ಕೌನ್ಸಿಲ್ ಹೆಚ್ಚುಕಡಿಮೆ ದಿವಾಳಿ ಅಂತ ಘೋಷಿಸಿಕೊಂಡಿತ್ತು. ಅಲ್ಲಿ ಮೊದಲ ಸಲ ಜನರೇ ನೇರವಾಗಿ ಮೇಯರ್ ಆರಿಸಿದಾಗ ಕನ್ಸರ್ವೇಟಿವ್‌ನ ಜೇಸನ್ ಪೆರ್ರಿ 600ಕ್ಕೂ ಕಡಿಮೆ ಮತದಿಂದ ಗೆದ್ದರು.

ಇನ್ನೊಂದು ವಿಷಯ, ಸೀಟು ನೋಡಿ ಜನರ ಮನಸ್ಸು ಅಳೆಯಬೇಡಿ. ಜಾಸ್ತಿ ವಾರ್ಡ್‌ಗಳಲ್ಲಿ ಇಬ್ಬರೋ ಮೂವರೋ ಸದಸ್ಯರು ಇರುತ್ತಾರೆ, ಒಬ್ಬ ಮತದಾರನಿಗೆ ಅಷ್ಟೇ ವೋಟು. ಮಷೀನ್ ಇಲ್ಲ, ಪೇಪರ್ ಮೇಲೆ ಪೆನ್ಸಿಲ್‌ನಲ್ಲಿ ಕ್ರಾಸ್ ಹಾಕಬೇಕು. (ರಬ್ಬರ್‌ನಲ್ಲಿ ಅಳಿಸಿಬಿಟ್ಟರೆ ಅಂತ ನನಗೂ ಅನಿಸಿತ್ತು.) 2018ರಲ್ಲಿ ನಾನು ನಮ್ಮೂರಿನ ಅಭ್ಯಾಸಕ್ಕೆ ಒಂದೇ ಕ್ರಾಸ್ ಹಾಕಿ ಮಡಚಿ ಪೆಟ್ಟಿಗೆಗೆ ಹಾಕಿ ಬಂದೆ, ಮನೆಗೆ ಬಂದ ಮೇಲೆ ಹೆಂಡತಿ ‘ಮೂರು ಹಾಕಬಹುದಿತ್ತಲ್ರೀ’ ಅಂದಳು. ಎರಡು ವೋಟು ಸುಮ್ನೆ ಹೋಯಿತು. ಸಾಮಾನ್ಯವಾಗಿ ಜನ ಒಂದೇ ಪಕ್ಷದ ಮೂವರಿಗೂ ಹಾಕುವುದರಿಂದ ಸ್ವಲ್ಪ ಮುಂದಿದ್ದ ಪಕ್ಷ ವಾರ್ಡನ್ನೇ ಬಾಚಿಕೊಳ್ಳುತ್ತದೆ. 2022ರಲ್ಲಿ ಲೂಯಿಶಮ್‌ನಲ್ಲಿ 54ಕ್ಕೆ 54 ಲೇಬರ್, ವಿರೋಧ ಪಕ್ಷವೇ ಇರಲಿಲ್ಲ. ರಿಚ್ಮಂಡ್‌ನಲ್ಲಿ ಲಿಬರಲ್ ಡೆಮಾಕ್ರಾಟ್ 48, ಗ್ರೀನ್ 5, ಕನ್ಸರ್ವೇಟಿವ್ ಒಂದೇ ಒಂದು. ಅಲ್ಲಿ ಕನ್ಸರ್ವೇಟಿವ್‌ಗೆ ಹಾಕಿದವರೇನು ಬೆರಳೆಣಿಕೆಯಷ್ಟು ಜನವಲ್ಲ, ಸಾವಿರಾರು ಮಂದಿ.

ಬೆಂಗಳೂರು ಥರಾನಾ ಅಂದರೆ, ಅಲ್ಲ. 2015ರಲ್ಲಿ ನಮ್ಮ ಪಾಲಿಕೆಯ 198 ವಾರ್ಡ್‌ಗಳಲ್ಲಿ ಬಿಜೆಪಿ 100 ಗೆದ್ದಿತ್ತು, ಕಾಂಗ್ರೆಸ್ 76, ಜೆಡಿಎಸ್ 14. ಆದರೂ ಮೇಯರ್ ಆಗಿದ್ದು ಕಾಂಗ್ರೆಸ್‌ನವರು, ಯಾಕೆಂದರೆ ಮೇಯರ್ ಆಯ್ಕೆಗೆ ಶಾಸಕರು, ಸಂಸದರೂ ಬಂದು ಕೈ ಎತ್ತಬಹುದಿತ್ತು. ಇಲ್ಲಿ ಸಂಸದರಿಗೆ ಆ ದಾರಿ ಇಲ್ಲ. ಹ್ಯಾರೋದಲ್ಲಿ ಬಹುಮತ ಬಂದ ಪಕ್ಷದ ನಾಯಕನೇ ಕೌನ್ಸಿಲ್ ನಡೆಸುವುದು, ಮೇಯರ್ ಅನ್ನುವುದು ಸರ ಹಾಕಿಕೊಂಡು ಸಮಾರಂಭಕ್ಕೆ ಹೋಗುವ ಗೌರವದ ಹುದ್ದೆ. ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆ ನಿಲ್ಲಲು ಓಡಾಡಿದ ಕಲಬುರಗಿ ಕಡೆಯ ನೀರಜ್ ಪಾಟೀಲ್ ಲ್ಯಾಂಬೆತ್‌ನಲ್ಲಿ ಮೇಯರ್ ಆಗಿದ್ದೂ ಇಂಥದ್ದೇ ಹುದ್ದೆಯಲ್ಲಿ. ಇನ್ನೊಂದು ವ್ಯತ್ಯಾಸ ಬರೆಯೋಕೆ ಬೇಜಾರು: ನಾವು ಇಲ್ಲಿ ಪೆನ್ಸಿಲ್ ಹಿಡಿದ 2022ರ ಮೇನಲ್ಲಿ ಬೆಂಗಳೂರು ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ, ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು.

ಅಕ್ಕನಿಗೆ ಒಂದು ಮಾತು ಹೇಳಿ. 2023ರಿಂದ ಬೂತಿನಲ್ಲಿ ಫೋಟೋ ಇರುವ ಗುರುತಿನ ಚೀಟಿ ಕೇಳುತ್ತಾರೆ, ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ. ಪೇಪರ್ ಮೇಲೆ ಎಷ್ಟು ಜನಕ್ಕೆ ಹಾಕಬಹುದು ಅಂತ ಬರೆದಿರುತ್ತದೆ, ಮೊದಲು ಅದನ್ನು ಓದಿಕೊಳ್ಳಲಿ.