ಹಿಂದಿರುಗಿಸಿದ ಒಂದು ಕಥೆಯ ಕುರಿತು

ಮೂಡಿಗೆರೆಯ ಕಥೆಗಾರ್ತಿಯವರಿಗೆ ಚಿಕ್ಕಮಗಳೂರಿನಿಂದ ನಮಸ್ಕಾರಗಳು.

ವಿಶೇಷಾಂಕಕ್ಕೆಂದು ನೀವು ಕಳುಹಿಸಿದ ಕಥೆಯನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ನಿಮ್ಮ ತೋಟದಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಹೇಳಿಕೊಂಡ ಬದುಕನ್ನು ಚಾಟ್‌ಜಿಪಿಟಿಗೆ ಕೊಟ್ಟು ಕಥೆ ಬರೆಸಿದ್ದಾಗಿಯೂ, ಕಾಫಿ ತೂಗುವ ಪ್ರಸಂಗವನ್ನು ಮಾತ್ರ ಸ್ವತಃ ಬರೆದದ್ದಾಗಿಯೂ ಜೊತೆಗಿನ ಪತ್ರದಲ್ಲಿ ತಿಳಿಸಿ, ‘ಇದು ತಪ್ಪೇ?’ ಎಂದು ಕೇಳಿದ್ದೀರಿ. ನೀವು ಮುಚ್ಚಿಡದೆ ಹೇಳಿದ್ದರಿಂದ ನಾನೂ ದಾಕ್ಷಿಣ್ಯ ಬಿಟ್ಟು ಬರೆಯುತ್ತಿದ್ದೇನೆ.

ಕಥೆಯ ಮೊದಲ ಪುಟದಲ್ಲಿ ನವೆಂಬರ್ ತಿಂಗಳ ಬೆಳಗು. ತೋಟವೆಲ್ಲ ಕಾಫಿ ಹೂವಿನಿಂದ ಬೆಳ್ಳಗಾಗಿದೆ. ಅದೇ ಗಿಡಗಳಲ್ಲಿ ಹೆಂಗಸರು ಹಣ್ಣು ಕೊಯ್ಯುತ್ತಿದ್ದಾರೆ. ಕೊಯ್ಲು ಮುಗಿದು, ಫೆಬ್ರುವರಿ, ಮಾರ್ಚಿನ ಹೊತ್ತಿಗೆ ಹೂಮಳೆ ಬಿದ್ದು, ಅದಾಗಿ ಎಂಟು ಹತ್ತು ದಿನಕ್ಕೆ ಹೂವಾಗುತ್ತದೆ ಎಂಬುದನ್ನು ಮೂಡಿಗೆರೆಯವರಿಗೆ ನಾನು ಹೇಳಿಕೊಡಬೇಕೆ? ಯಂತ್ರಕ್ಕೆ ಅದು ತಿಳಿಯದೆ ಹೋದದ್ದು ದೊಡ್ಡ ವಿಷಯವಲ್ಲ. ಹೂಮಳೆ ತಡವಾದ ವರ್ಷ ಮನೆಯವರೆಲ್ಲ ಆಕಾಶ ನೋಡುತ್ತ ಕೂರುವುದನ್ನು ಕಂಡಿರುವ ನಿಮ್ಮ ಕಣ್ಣಿಗೆ ಆ ಸಾಲು ಚುಚ್ಚದೆ ಹೋಯಿತಲ್ಲ, ನನ್ನ ಚಿಂತೆ ಅದು. ಮುಂದೆ ಮೇಸ್ತ್ರಿ ಬಂದು ‘ದಯವಿಟ್ಟು ನಿಮ್ಮ ಚೀಲವನ್ನು ಇಲ್ಲಿ ಇರಿಸಿ’ ಎನ್ನುತ್ತಾನೆ. ನಲವತ್ತು ವರ್ಷಗಳಿಂದ ಈ ಜಿಲ್ಲೆಯಲ್ಲಿರುವ ನಾನು ಇಂಥ ಮೇಸ್ತ್ರಿಯನ್ನು ಇನ್ನೂ ಭೇಟಿಯಾಗಿಲ್ಲ. ಕೊನೆಯಲ್ಲಿ ‘ಅದು ಕೇವಲ ಕಾಫಿಯಾಗಿರಲಿಲ್ಲ, ಒಂದು ಭಾವನೆಯಾಗಿತ್ತು’ ಎಂಬ ವಾಕ್ಯವಿದೆ. ಈ ತಿಂಗಳು ನನ್ನ ಮೇಜಿಗೆ ಬಂದ ಇನ್ನೆರಡು ಕಥೆಗಳೂ ಇದೇ ಅಚ್ಚಿನ ವಾಕ್ಯದಿಂದ ಮುಗಿದಿವೆ. ಒಂದರಲ್ಲಿ ಕಾಫಿಯ ಬದಲು ಅಜ್ಜಿಯ ಸೀರೆ, ಇನ್ನೊಂದರಲ್ಲಿ ಹಳೆಯ ರೈಲು.

ಈ ಎಲ್ಲದರ ನಡುವೆ ನೀವು ಬರೆದ ಆ ಹನ್ನೆರಡು ಸಾಲುಗಳಿವೆ. ಸಂಜೆ ಕಣದ ಅಂಚಿನಲ್ಲಿ ತಾಯಿ ಗೋಣಿಯ ಮೇಲೆ ಕೊಯ್ದದ್ದನ್ನೆಲ್ಲ ಸುರಿದುಕೊಂಡು, ಮೇಸ್ತ್ರಿ ಬರುವುದರೊಳಗೆ ಹಸಿರು ಕಾಯಿ ಆರಿಸಿ ತೆಗೆಯುತ್ತಾಳೆ. ಮಗಳು ಮೊಬೈಲಿನ ಬೆಳಕು ಹಿಡಿದಿದ್ದಾಳೆ. ತೋಟದ ರೈಟರ್ ತಕ್ಕಡಿ ನೋಡಿ, ಚೀಲ ಒದ್ದೆಯಾಗಿದೆಯೆಂದು ಅರ್ಧ ಕಿಲೋ ಕಳೆದು ಬರೆದುಕೊಳ್ಳುತ್ತಾನೆ. ತಾಯಿ ಏನೂ ಹೇಳದೆ ಚೀಲವನ್ನು ಕೊಡವಿ ಮಡಚುತ್ತಾಳೆ. (ಕಾಫಿ ತೋಟದಲ್ಲಿ ಲೆಕ್ಕ ಬರೆಯುವವನನ್ನೇ ‘ರೈಟರ್’ ಎನ್ನುವುದು ನಮ್ಮ ಕಸುಬಿನವರಿಗೆ ಒಳ್ಳೆಯ ಪೆಟ್ಟು.) ಈ ಭಾಗಕ್ಕೆ ನಾನು ಪೆನ್ಸಿಲ್ ಮುಟ್ಟಿಸಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಯಂತ್ರವನ್ನು ಬಳಸಿದ್ದೇ ತಪ್ಪೆಂದು ನಾನು ಹೇಳಲಾರೆ. 2024ರಲ್ಲಿ ಜಪಾನಿನ ಅಕುತಗಾವ ಪ್ರಶಸ್ತಿ ಪಡೆದ ಲೇಖಕಿ ತಮ್ಮ ಕಾದಂಬರಿಯ ಸುಮಾರು ಶೇಕಡಾ 5ರಷ್ಟು ಭಾಗ ಯಂತ್ರದ ಮಾತೇ ಎಂದು ಬಹಿರಂಗವಾಗಿ ಹೇಳಿದರು; ಆ ಕಾದಂಬರಿಯಲ್ಲಿ ಯಂತ್ರವೂ ಮಾತಾಡುತ್ತದೆ, ಆದ್ದರಿಂದ ಅದರ ಮಾತಿಗೆ ಅಲ್ಲೊಂದು ಕೆಲಸವಿತ್ತು. ನಿಮ್ಮ ಕಥೆಯಲ್ಲಿ ಅದು ಲೈನ್‌ಮನೆಯ (ತೋಟದ ಕೆಲಸದವರ ಸಾಲುಮನೆಯ) ಹೆಂಗಸಿನ ಬಾಯಿಗೆ ಮಾತು ತುರುಕಿದೆ. ಕಾನೂನಿನ ಮಾತು ಬೇರೆ: ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿದ ತಿದ್ದುಪಡಿಯ ಪ್ರಕಾರ, ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ ಅದನ್ನು ಹುಟ್ಟಿಸಿದವರೇ ಕರ್ತೃ. ಈಗಿನ ಯಂತ್ರಗಳನ್ನು ಯಾರೂ ಊಹಿಸದಿದ್ದ ಕಾಲದ ಮಾತದು. ಅದನ್ನು ಹಿಡಿದು ನೀವು ವಾದಿಸಬಹುದು, ನಾನು ತಡೆಯುವುದಿಲ್ಲ.

ನನಗೆ ನಿದ್ದೆ ಕೆಡಿಸಿದ್ದು ಇನ್ನೊಂದು ಸಂಗತಿ. ಆ ಹೆಂಗಸು ತನ್ನ ಗಂಡನ ಸಾಲ, ಮಗಳ ಮುರಿದ ಮದುವೆ, ಊರು ಬಿಟ್ಟ ಕಾರಣ ಎಲ್ಲವನ್ನೂ ನಿಮ್ಮ ಮನೆಯ ಜಗಲಿಯಲ್ಲಿ ಕೂತು ನಿಮಗೆ ಹೇಳಿದಳು. ನೀವು ಅದನ್ನು ಊರು, ಹೆಸರುಗಳ ಸಮೇತ ಟೈಪ್ ಮಾಡಿದಿರಿ. ಇಂಥ ಅನೇಕ ಸೇವೆಗಳಲ್ಲಿ, ಸೆಟ್ಟಿಂಗ್ ಬದಲಿಸದಿದ್ದರೆ, ನಾವು ಬರೆದದ್ದು ಮುಂದಿನ ಯಂತ್ರಗಳಿಗೆ ಕಲಿಸುವುದಕ್ಕೂ ಬಳಕೆಯಾಗಬಹುದು. ಕಥೆಗಾರರು ಬೇರೆಯವರ ಬದುಕನ್ನು ಎತ್ತಿಕೊಳ್ಳುವುದು ಹೊಸತಲ್ಲ. ನಾನೂ ಎತ್ತಿಕೊಂಡಿದ್ದೇನೆ, ಒಂದೆರಡು ಮನೆಗಳಲ್ಲಿ ಅದಕ್ಕಾಗಿ ಮಾತೂ ಕೇಳಿದ್ದೇನೆ. ಆದರೆ ಬೈಯುವವರಿಗೆ ನಾನು ಎದುರಿಗೆ ಸಿಗುತ್ತಿದ್ದೆ. ನಾಳೆ ಆಕೆ ಬಂದು ‘ನನ್ನ ವಿಷಯ ಯಾರ್ಯಾರಿಗೆ ಹೇಳಿದ್ರಿ ಅಮ್ಮ?’ ಎಂದರೆ ನಿಮ್ಮಲ್ಲಿ ಯಾವ ಉತ್ತರವಿದೆ? ಮೊದಲು ಆ ಸಂಭಾಷಣೆಯನ್ನು ಅಳಿಸಿ. ಆಮೇಲೆ ಆಕೆಯ ಬಳಿ ಹೋಗಿ, ಇದನ್ನು ಬರೆಯಬಹುದೇ ಎಂದು ಕೇಳಿ. ಬೇಡವೆಂದರೆ ಬರೆಯಬೇಡಿ.

ಯಂತ್ರದ ಬರಹವನ್ನು ಪತ್ತೆಹಚ್ಚುವ ತಂತ್ರಾಂಶಕ್ಕೆ ನಿಮ್ಮ ಕಥೆಯನ್ನು ನಾನು ಹಾಕಲಿಲ್ಲ. ಚಾಟ್‌ಜಿಪಿಟಿ ಮಾಡಿದ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂದಕ್ಕೆ ಪಡೆಯಿತು. ಹೀಗಾಗಿ ಸಂಪಾದಕನಿಗೆ ಉಳಿದಿರುವುದು ಲೇಖಕರ ಮಾತೊಂದೇ. ಬೇಲೂರಿನ ಕೆಲವು ಮದನಿಕೆಗಳ ಕೆಳಗೆ ದಾಸೋಜ, ಚಾವಣ ಮೊದಲಾದ ಶಿಲ್ಪಿಗಳ ಹೆಸರು ಕೆತ್ತಿದೆ. ಕೈ ಓರೆಯಾಗಿದ್ದರೂ ಮುಖ ಚೆನ್ನಾಗಿ ಬಂದಿದ್ದರೂ ಅದು ಆ ಹೆಸರಿನವನ ಲೆಕ್ಕಕ್ಕೇ. ಕಥೆಯ ಕೆಳಗೆ ನಿಮ್ಮ ಹೆಸರು ಹಾಕುವಾಗ ನಾನು ಅಷ್ಟನ್ನು ನಿರೀಕ್ಷಿಸುತ್ತೇನೆ, ಎಲ್ಲಿ ಎಷ್ಟು ನೆರವು ಪಡೆದಿರೆಂಬ ಒಂದು ಸಾಲಿನೊಂದಿಗೆ.

ಕಾಗುಣಿತ ನೋಡಿಸಲು, ಘಟನೆಗಳ ಕಾಲಕ್ರಮ ತಪ್ಪಿದೆಯೇ ಎಂದು ಕೇಳಲು ಯಂತ್ರವನ್ನು ಧಾರಾಳವಾಗಿ ಬಳಸಿ. ನಾನೂ ಕರಡು ತಿದ್ದಲು ಬಳಸುತ್ತೇನೆ, ಆದರೆ ಕಾವಲು ಕೂತು. ಮೊನ್ನೆ ಅದು ‘ಕಣ’ ಎಂಬುದನ್ನು ಎರಡು ಕಡೆ ‘ಕಣಜ’ ಎಂದು ತಿದ್ದಿಕೊಟ್ಟಿತ್ತು.

ಆಕೆ ಒಪ್ಪಿದರೆ ಆ ಹನ್ನೆರಡು ಸಾಲುಗಳಿಂದಲೇ ಹೊಸದಾಗಿ ಆರಂಭಿಸಿ, ಹೂವಿನ ವರ್ಣನೆ ಪೂರ್ತಿ ಬಿಡಿ. ಮೇಸ್ತ್ರಿ ನಿಮ್ಮ ತೋಟದಲ್ಲಿ ಹೇಗೆ ಕೂಗುತ್ತಾನೋ ಹಾಗೆಯೇ ಕೂಗಲಿ. ಮಾರ್ಚ್ ಕೊನೆಯೊಳಗೆ ತಲುಪಿದರೆ ಮುಂದಿನ ಸಂಚಿಕೆಗೆ ಪರಿಶೀಲಿಸುತ್ತೇನೆ. ಅರ್ಧ ಕಿಲೋ ಕಳೆದದ್ದನ್ನು ಮಾತ್ರ ಎಲ್ಲೂ ವಿವರಿಸಲು ಹೋಗಬೇಡಿ.

ಇಂತಿ,
ಸಂಪಾದಕ